ನಾಲ್ಕು ಡಿಗ್ರಿಯ ಡಬ್ಬಿ

ಜನವರಿ, ಬೆಳಿಗ್ಗೆ ಆರೂಮುಕ್ಕಾಲು. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ನಿಂತಿದ್ದೀರಿ. ಕಬಿನಿ ಹಿನ್ನೀರಿನ ಕಡೆಯಿಂದ ಎದ್ದ ಮಂಜು ಎದುರಿನ ರಸ್ತೆಯನ್ನೂ ಅದರಾಚೆಯ ಹುಣಸೆಮರವನ್ನೂ ಮುಚ್ಚಿಬಿಟ್ಟಿದೆ. ಎಲ್ಲೋ ಒಂದು ಬೈಕು ಕೆಮ್ಮಿಕೊಂಡು ಸ್ಟಾರ್ಟ್ ಆಗುತ್ತಿದೆ. ಗೋಡೆಗೆ ತೂಗುಹಾಕಿದ ಥರ್ಮಾಮೀಟರಿನಲ್ಲಿ 15 ಡಿಗ್ರಿ.

ಒಳಗೆ ಮೇಜಿನ ಮೇಲೆ ನೀಲಿ ಡಬ್ಬಿಯೊಂದು ಬಾಯಿ ತೆರೆದು ಕೂತಿದೆ. ಲಸಿಕೆ ಒಯ್ಯುವ ಕ್ಯಾರಿಯರಿನಂಥದೇ ಡಬ್ಬಿ. ಆದರೆ ಇದರ ಮೈಮೇಲೆ ದೊಡ್ಡದಾಗಿ ಬರೆದಿದ್ದಾರೆ: ಸ್ಯಾಂಪಲ್‌ಗೆ ಮಾತ್ರ. ಒಮ್ಮೆ ಸ್ಯಾಂಪಲ್ ಹೊತ್ತ ಡಬ್ಬಿಗೆ ಮತ್ತೆ ಯಾವತ್ತೂ ಲಸಿಕೆ ಇಡುವಂತಿಲ್ಲ. ಪಕ್ಕದ ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಐಸ್‌ಪ್ಯಾಕು. ಡೀಪ್ ಫ್ರೀಜರಿನಿಂದ ತೆಗೆದು ಮುಕ್ಕಾಲು ಗಂಟೆಯಾಯಿತು, ಇನ್ನೂ ಬಿಳಿಯ ಪುಡಿಮಂಜು ಮೆತ್ತಿಕೊಂಡಿದೆ. ಸೀರೆಯ ಮೇಲೆ ಸ್ವೆಟರ್ ತೊಟ್ಟ ಲ್ಯಾಬ್ ಮೇಡಂ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ. ಸದ್ದಿಲ್ಲ.

ಬಾಗಿಲಲ್ಲಿ ಡ್ರೈವರ್ ನಿಂತಿದ್ದಾನೆ, ತಲೆಗೆ ಮಫ್ಲರ್ ಸುತ್ತಿಕೊಂಡು.

“ಮೇಡಮ್ಮೋರೆ, ಹೊತ್ತಾಯ್ತದೆ. ಹಾಕ್ಬುಡಿ ಅತ್ಲಾಗೆ. ಹೆಂಗಿದ್ರೂ ಚಳಿ, ಕೆಡಾಕಿಲ್ಲ.”

“ಚಳಿ ಅಂತಾನೇ ಕಣಪ್ಪ ಕಾಯ್ತಿರೋದು.”

ಅವನಿಗೆ ಅರ್ಥವಾಗುವುದಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಚಳಿಗಾಲದಲ್ಲಿ ರಕ್ತ, ಕಫ, ಮಲದ ಮಾದರಿಗಳನ್ನು ಸಾಗಿಸುವುದು ಸುಲಭ, ಬೇಸಿಗೆಯೇ ಕಷ್ಟ ಎಂದು ಯಾರಿಗಾದರೂ ಅನ್ನಿಸುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಸೀಮೆಯ ಚಳಿ ಏನನ್ನೂ ಹೆಪ್ಪುಗಟ್ಟಿಸುವಂಥದ್ದಲ್ಲ. ಹೆಪ್ಪುಗಟ್ಟಿಸುವುದು ನಾವೇ ಡಬ್ಬಿಯೊಳಗೆ ಇಡುವ ಐಸು. ಡೀಪ್ ಫ್ರೀಜರಿನ ಒಳಗೆ ಸೊನ್ನೆಗಿಂತ 15ರಿಂದ 25 ಡಿಗ್ರಿ ಕೆಳಗಿನ ಶೀತ. ಅಲ್ಲಿಂದ ಈಗಷ್ಟೇ ಬಂದ ಪ್ಯಾಕು ಬರಿಯ ಮಂಜುಗಡ್ಡೆಯಲ್ಲ, ಮುಟ್ಟಿದ್ದನ್ನೆಲ್ಲ ಗಡ್ಡೆ ಮಾಡುವ ಗಡ್ಡೆ. ರಕ್ತದ ಸೀರಮ್ಮು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದರೆ ಸಾಕು, ಕಟ್ಟಿಕೊಳ್ಳುತ್ತದೆ. ಹಾಗಾಗಿ ಪ್ಯಾಕನ್ನು ಹೊರಗಿಟ್ಟು ಬೆವರಲು ಬಿಡಬೇಕು. ಒಳಗೆ ಸ್ವಲ್ಪ ನೀರಾಗಿ, ಅಲ್ಲಾಡಿಸಿದರೆ ಗಡ್ಡೆ ಕಳಕ್ ಎಂದು ಹೊರಳಬೇಕು. ನೀರೂ ಗಡ್ಡೆಯೂ ಒಟ್ಟಿಗಿರುವಷ್ಟು ಹೊತ್ತು ಪ್ಯಾಕು ಸೊನ್ನೆಯಲ್ಲೇ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಇದಕ್ಕೆ ಅರ್ಧ ಗಂಟೆಯೂ ಬೇಡ. ಜನವರಿಯ ಈ ಹೊತ್ತಿನಲ್ಲಿ ಒಂದು ಗಂಟೆ ದಾಟಿದರೂ ಕಲ್ಲು ಕಲ್ಲೇ. ಅವಸರದವರು ಕಲ್ಲನ್ನೇ ಇಟ್ಟು ಮುಚ್ಚಳ ಹಾಕುತ್ತಾರೆ. ಚಳಿಗಾಲ ಕೆಡಿಸುವುದು ಹೀಗೆ, ಸುತ್ತುಬಳಸಿ.

ನಿಜವಾದ ಚಳಿಯ ದೇಶಗಳಲ್ಲಿ ಇದೇ ಲೆಕ್ಕ ತಿರುಗುಮುರುಗು. ಕೆನಡಾದ ವಿನ್ನಿಪೆಗ್ಗಿನಂಥ ಊರಿನಲ್ಲಿ ಜನವರಿಯ ಬೆಳಿಗ್ಗೆ ಹೊರಗೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇರುತ್ತದೆ. ಅಲ್ಲಿ ಡಬ್ಬಿಯೊಳಗೆ ಐಸಿನ ಬದಲು ಕೋಣೆಯ ಶಾಖದಲ್ಲಿಟ್ಟ ನೀರಿನ ಪ್ಯಾಕು ಇಡುತ್ತಾರೆ. ಒಂದು ಗ್ರಾಂ ನೀರು ಗಡ್ಡೆಯಾಗಬೇಕಾದರೆ 80 ಕ್ಯಾಲೊರಿ ಶಾಖ ಬಿಟ್ಟುಕೊಡಬೇಕು. ಅಷ್ಟು ಹೊತ್ತು ಅದು ನಡುವೆ ನಿಂತು ಟ್ಯೂಬನ್ನು ಕಾಯುತ್ತದೆ. ಇಲ್ಲಿ ಗಡ್ಡೆ ಕರಗುತ್ತಾ ಅಷ್ಟೇ ಶಾಖವನ್ನು ಹೀರಿ ಮಧ್ಯಾಹ್ನದ ಬಿಸಿಲಿನಿಂದ ಕಾಯುತ್ತದೆ.

ಪ್ಯಾಕು ಬೆವರುವ ತನಕ ಇವತ್ತು ಹೋಗುವ ಸ್ಯಾಂಪಲ್‌ಗಳನ್ನು ನೋಡಿ.

ಅಗಲ ಬಾಯಿಯ ಎರಡು ಪ್ಲಾಸ್ಟಿಕ್ ಡಬ್ಬಿ: ಹಾಡಿಯೊಂದರ ಎರಡೂವರೆ ವರ್ಷದ ಹುಡುಗನ ಮಲ. ಮಗು ಇದ್ದಕ್ಕಿದ್ದಂತೆ ಒಂದು ಕಾಲು ಎಳೆದುಕೊಂಡು ನಡೆಯಲು ಶುರುಮಾಡಿತು, ಆಶಾ ಅಕ್ಕ ನೋಡಿ ಫೋನ್ ಮಾಡಿದಳು. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹೀಗೆ ದಿಢೀರ್ ಸೋತರೂ ಪೋಲಿಯೊ ಅಲ್ಲ ಎಂದು ಲ್ಯಾಬು ಹೇಳುವವರೆಗೆ ಪೋಲಿಯೊ ಇರಬಹುದೆಂದೇ ನೋಡಬೇಕು. ಭಾರತದ ಕೊನೆಯ ಕಾಡು ಪೋಲಿಯೊ ವೈರಸ್ಸಿನ ಪ್ರಕರಣ ಹೌರಾದಲ್ಲಿ ಸಿಕ್ಕಿದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಪ್ರಮಾಣಪತ್ರವೂ ಬಂತು. ಆ ಪತ್ರದ ಮರ್ಯಾದೆ ಉಳಿದಿರುವುದು ಇಂಥ ಡಬ್ಬಿಗಳಿಂದ. ಕಾಲು ಸೋತ 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಸಲ, ದೊಡ್ಡವರ ಹೆಬ್ಬೆರಳಿನಷ್ಟು, ಅಂದರೆ ಸುಮಾರು 8 ಗ್ರಾಂ ಮಲ. ಕಳಿಸಿದ 72 ಗಂಟೆಯೊಳಗೆ, 8 ಡಿಗ್ರಿ ಮೀರದ ಹಾಗೆ, ಬೆಂಗಳೂರಿನ ಪೋಲಿಯೊ ಲ್ಯಾಬು ಸೇರಬೇಕು. ಲಸಿಕೆ ಬೆಂಗಳೂರಿನಿಂದ ಹಾಡಿಗೆ ತಣ್ಣಗೆ ಬರುವ ದಾರಿಯಲ್ಲೇ ಇದು ತಣ್ಣಗೆ ವಾಪಸು ಹೋಗುತ್ತದೆ.

ಎರಡನೆಯದು, ಕಾಡಿನ ವಾಚರ್ ಒಬ್ಬನ ಸೀರಮ್. ನಾಲ್ಕು ದಿನದಿಂದ ಜ್ವರ, ಮೈಕೈ ನುಚ್ಚುನೋವು, ಕಣ್ಣು ಕೆಂಪು. ಜನವರಿಯಲ್ಲಿ ಕಾಡಂಚಿನ ಯಾವ ಆಸ್ಪತ್ರೆಯವರೂ ಇಂಥ ಜ್ವರವನ್ನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಮಂಗನ ಕಾಯಿಲೆಗೆ ಸೊರಬ–ಸಾಗರದ ಕಡೆಯ ಕ್ಯಾಸನೂರು ಕಾಡಿನ ಹೆಸರು ಬಂದದ್ದು 1957ರಲ್ಲಿ. ಬಹುಕಾಲ ಅದು ಮಲೆನಾಡಿನ ಪಾಡು ಎಂದೇ ನಾವು ಈ ಕಡೆಯವರು ಅಂದುಕೊಂಡಿದ್ದೆವು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಸಿಬ್ಬಂದಿಗೆ ಬಂತು, ಆಮೇಲೆ ಪಕ್ಕದ ವಯನಾಡಿನಲ್ಲಿ ಕಾಣಿಸಿತು. ಡಿ.ಬಿ. ಕುಪ್ಪೆಯ ದಂಡೆಯಲ್ಲಿ ನಿಂತರೆ ವಯನಾಡು ಹೊಳೆಯ ಆಚೆ ದಡ. ಈ ಕಾಯಿಲೆ ಹರಡುವ ಉಣ್ಣೆಗೆ ಯಾವ ಚೆಕ್‌ಪೋಸ್ಟು? ಮಳೆ ನಿಂತು ತರಗೆಲೆ ಒಣಗುವ ಚಳಿಯ ತಿಂಗಳುಗಳಲ್ಲೇ ಮರಿ ಉಣ್ಣೆಗಳು ಏಳುತ್ತವೆ. ಹಾಗಾಗಿ ಚಳಿಗಾಲದಲ್ಲಿ ಈ ಡಬ್ಬಿಗೆ ಕೆಲಸ ಹೆಚ್ಚು.

ಮೂರನೆಯದು ನೇರಳೆ ಮುಚ್ಚಳದ ಹನ್ನೆರಡು ಟ್ಯೂಬು. ಜೇನುಕುರುಬರ ಹಾಡಿಯೊಂದರಲ್ಲಿ ಸಿಕಲ್ ಸೆಲ್ ತಪಾಸಣೆಗೆ ತೆಗೆದ ರಕ್ತ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಯೋಜನೆ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ನೋಡುವ ಗುರಿ ಇಟ್ಟುಕೊಂಡು ಹೊರಟಿತು. ಆ ಏಳು ಕೋಟಿಯಲ್ಲಿ ಹನ್ನೆರಡು ಮಂದಿ ಈ ಸ್ಟ್ಯಾಂಡಿನಲ್ಲಿ ನಿಂತಿದ್ದಾರೆ. ಇವು ಅತಿ ಸೂಕ್ಷ್ಮ. ಕೆಂಪುಕಣ ಇಡಿಯಾಗಿರಬೇಕು. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಕಣಗಳೆಲ್ಲ ಒಡೆದು ಟ್ಯೂಬಿನಲ್ಲಿ ಉಳಿಯುವುದು ಕೆಂಪು ನೀರು.

ಕಳಕ್.

ಮೇಡಂ ಮುಖ ಅರಳುತ್ತದೆ. ನಾಲ್ಕೂ ಪ್ಯಾಕನ್ನು ಒಂದೊಂದಾಗಿ ಕಿವಿಗೆ ಹಿಡಿದು, ಬಟ್ಟೆಯಲ್ಲಿ ಒರೆಸಿ, ಡಬ್ಬಿಯ ನಾಲ್ಕು ಗೋಡೆಗೆ ನಿಲ್ಲಿಸುತ್ತಾರೆ.

ಕೈಕೆಲಸ ನೋಡಿ. ಟ್ಯೂಬಿನ ಮುಚ್ಚಳ ಬಿಗಿ, ಅದರ ಸುತ್ತ ಪ್ಯಾರಾಫಿಲ್ಮ್ ಎಳೆದು ಸುತ್ತು. ಚಳಿಯಲ್ಲಿ ಅದು ಬಿರುಸಾಗಿ ಪಟಕ್ಕನೆ ಹರಿಯುತ್ತದೆ, ಅದಕ್ಕೇ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಾರೆ. ಹೆಸರು, ವಯಸ್ಸು, ತಾರೀಕಿನ ಚೀಟಿಯನ್ನು ನಿನ್ನೆಯೇ, ಟ್ಯೂಬು ಫ್ರಿಜ್ಜಿಗೆ ಹೋಗುವ ಮೊದಲೇ ಅಂಟಿಸಿದ್ದಾರೆ. ತಣ್ಣಗಾಗಿ ಬೆವೆತ ಗಾಜಿಗೂ ಪ್ಲಾಸ್ಟಿಕ್ಕಿಗೂ ಯಾವ ಅಂಟೂ ಹಿಡಿಯುವುದಿಲ್ಲ. ಬರೆದದ್ದು ಅಳಿಸದ ಮಾರ್ಕರಿನಲ್ಲಿ. ಜೆಲ್ ಪೆನ್ನಿನಲ್ಲಿ ಬರೆದರೆ ಮಧ್ಯಾಹ್ನ ಡಬ್ಬಿ ತೆರೆದಾಗ ಹನಿಗೂಡಿ ಹೆಸರೇ ಹರಿದುಹೋಗುತ್ತದೆ. ಹೆಸರಿಲ್ಲದ ರಕ್ತ ಯಾರದ್ದೂ ಅಲ್ಲ, ಲ್ಯಾಬಿನವರು ಅದನ್ನು ಮುಟ್ಟುವುದಿಲ್ಲ.

ಟ್ಯೂಬುಗಳು ಒಂದಕ್ಕೊಂದು ತಾಕದ ಹಾಗೆ ಹತ್ತಿ ಸುತ್ತುತ್ತಾರೆ. ಒಡೆದರೆ ಇರುವಷ್ಟೂ ದ್ರವವನ್ನು ಆ ಹತ್ತಿಯೇ ಹೀರಬೇಕು, ಸ್ವಲ್ಪ ಅಂತ ಲೆಕ್ಕವಿಲ್ಲ. ಆಮೇಲೆ ಬಿಗಿ ತಿರುಪಿನ ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ. ಆ ಡಬ್ಬಿ ನೀಲಿ ಕ್ಯಾರಿಯರಿನ ಒಳಕ್ಕೆ. ಒಟ್ಟು ಮೂರು ಹೊದಿಕೆ. ಪ್ರಪಂಚದಲ್ಲೆಲ್ಲ ಇದೇ ನಿಯಮ. ವಿಮಾನದಲ್ಲಿ ಹೋಗುವುದಾದರೆ ಹೊರಮೈಗೆ ಯುಎನ್ 3373 ಎಂದು ಬರೆದ ವಜ್ರಾಕಾರದ ಗುರುತು ಬೇಕು, ಒಳಗಿನ ಎರಡು ಹೊದಿಕೆಯಲ್ಲಿ ಒಂದಾದರೂ 95 ಕಿಲೋಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ತಡೆಯಬೇಕು, ಪೂರ್ತಿ ಕಟ್ಟನ್ನು 1.2 ಮೀಟರ್ ಎತ್ತರದಿಂದ ಬೀಳಿಸಿದರೂ ಸೋರಬಾರದು. ಆ 1.2 ಮೀಟರು ಜೀಪಿನ ಸೀಟಿನಿಂದ ನೆಲಕ್ಕಿರುವ ಎತ್ತರಕ್ಕಿಂತ ಹೆಚ್ಚೇ. ನಮ್ಮ ರಸ್ತೆಗಳನ್ನು ನೋಡಿಯೇ ಯಾರೋ ಬರೆದಿರಬೇಕು.

ವಾಚರ್‌ನ ಸೀರಮ್ಮಿಗೆ ಬೇರೆಯೇ ಡಬ್ಬಿ, ಬೇರೆಯೇ ಎಚ್ಚರ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ನಿಜ. ಆದರೆ ಲ್ಯಾಬುಗಳಲ್ಲಿ ಈ ವೈರಸ್ಸಿನ ಜೊತೆ ಕೆಲಸ ಮಾಡಿದವರಿಗೆ ಅದು ಬಂದದ್ದುಂಟು. ಒಡೆದ ಒಂದು ಟ್ಯೂಬು ಡ್ರೈವರನ್ನೂ, ಡಬ್ಬಿ ತೆರೆಯುವವಳನ್ನೂ ರೋಗಿಯ ಸಾಲಿಗೆ ಸೇರಿಸಬಹುದು. ಮೇಡಂ ಗ್ಲವ್ಸ್ ಬದಲಿಸುತ್ತಾರೆ.

ಪೋಲಿಯೊ ಮಾದರಿಯ ಜೊತೆಗಿನ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡನೆಯ ಡಬ್ಬಿಯ ಹೊರಗೆ, ಮುಚ್ಚಳದ ಕೆಳಗೆ ಇಡುತ್ತಾರೆ. ಕಾಗದವನ್ನು ಟ್ಯೂಬಿಗೇ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟುವ ಹಳೆಯ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಟ್ಯೂಬು ಸೋರಿದರೆ ವಿಳಾಸವೂ ಸೋಂಕು.

ಏಳು ಐವತ್ತು. ಜೀಪು ಹೊರಡುತ್ತದೆ, ಡಬ್ಬಿ ನಿಮ್ಮ ಕಾಲುಗಳ ನಡುವೆ. ಅಂತರಸಂತೆ ದಾಟುವಾಗ ಮಂಜು ಹೊಗೆಯಂತೆ ಸರಿದು ರಾಗಿ ಕೊಯ್ದ ಕೂಳೆ ಹೊಲಗಳು ಕಾಣುತ್ತವೆ. ಎದುರಿನಿಂದ ಮಾನಂದವಾಡಿಯ ಕಡೆಗೆ ಹೋಗುವ ಲಾರಿ, ಕಾರುಗಳ ಸಾಲು. ನಾಗರಹೊಳೆ ಕಾಡಿನ ಆ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಕಾಡಿನ ಆಚೆ ಬದಿಯ ಹಾಡಿಯಲ್ಲಿ ಸಂಜೆ ತೆಗೆದ ರಕ್ತ ಬೆಳಗಿನವರೆಗೆ ಅಲ್ಲೇ ಇರಬೇಕು, ಅಂದರೆ ಅಲ್ಲೊಂದು ಫ್ರಿಜ್ಜು ಇರಬೇಕು, ಅದಕ್ಕೆ ಕರೆಂಟು ಇರಬೇಕು.

ಹ್ಯಾಂಡ್‌ಪೋಸ್ಟು, ಅಲ್ಲಿಂದ ಕೋಟೆಯ ತಾಲ್ಲೂಕು ಆಸ್ಪತ್ರೆ. ಇಲ್ಲಿ ಇನ್ನೊಂದು ಟ್ಯೂಬು ಸೇರಬೇಕು: ರಾತ್ರಿ ಜ್ವರ, ಫಿಟ್ಸ್ ಬಂದು ದಾಖಲಾದ ಮಗುವಿನ ಬೆನ್ನುಹುರಿಯ ನೀರು. ಡ್ರೈವರ್ ಡಬ್ಬಿಯ ಮುಚ್ಚಳಕ್ಕೆ ಕೈಹಾಕುತ್ತಾನೆ. “ತಡಿ ತಡಿ, ಇದು ಐಸ್‌ಗೆ ಬೇಡ,” ಎನ್ನುತ್ತಾರೆ ಡಾಕ್ಟರು. ಮೆದುಳಿನ ಪೊರೆಯ ಉರಿಯೂತ ತರುವ ಕೆಲವು ಬ್ಯಾಕ್ಟೀರಿಯಾ ಚಳಿಗೆ ಸಾಯುತ್ತವೆ. ಕಲ್ಚರ್ ಮಾಡುವುದಾದರೆ ಅವು ಬದುಕಿ ತಲುಪಬೇಕು. ವೈರಸ್ ನೋಡುವುದಕ್ಕೆ ಬೇರೆ ಮಾಡಿದ ಪಾಲು ಮಾತ್ರ ತಣ್ಣಗೆ ಹೋಗುತ್ತದೆ. ಬ್ಲಡ್ ಕಲ್ಚರ್ ಬಾಟಲಿಗೂ ಫ್ರಿಜ್ಜು ನಿಷಿದ್ಧ. ಆದ್ದರಿಂದ ಆ ಟ್ಯೂಬಿಗೆ ಐಸಿಲ್ಲದ ಸಣ್ಣ ಥರ್ಮಾಕೋಲ್ ಡಬ್ಬಿ, ಒಳಗೆ ಹತ್ತಿ. ತಣ್ಣಗಿದ್ದರೆ ಕೆಡುವುದಿಲ್ಲ ಎಂಬುದು ಹಾಲು, ಸೊಪ್ಪಿನ ವಿಷಯದಲ್ಲಿ ಸರಿ. ಇಲ್ಲಿ ಪ್ರತಿ ಟ್ಯೂಬಿಗೂ ಅದರದೇ ಹವೆ ಬೇಕು.

ಜೀಪು ಮೈಸೂರಿನ ಕಡೆ ತಿರುಗುವಷ್ಟರಲ್ಲಿ ನೀವು ಬೇರೆ ಮೂರು ಕಡೆ ಹೋಗಿಬರಬಹುದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಇಲ್ಲಿ ನೆಲೆಸಿರುವ ಟಿಬೆಟಿಯನ್ನರ ಕ್ಯಾಂಪು. ನೀವು ಶಾಲು ಹೊದ್ದು ನಡುಗುತ್ತಿದ್ದರೆ ಅಜ್ಜಿಯೊಬ್ಬರು ತೆಳ್ಳನೆ ಅಂಗಿಯಲ್ಲಿ ಜಪಮಣಿ ತಿರುಗಿಸುತ್ತಾ ನಿಮ್ಮನ್ನು ನೋಡಿ ನಗುತ್ತಾರೆ. ಕ್ಷಯದ ಕಫ ತೆಗೆಯುವುದಕ್ಕೆ ಎದ್ದ ತಕ್ಷಣದ ಹೊತ್ತೇ ಒಳ್ಳೆಯದು. ಕೋಣೆಯೊಳಗಲ್ಲ, ಬಯಲಿನಲ್ಲಿ, ಜನರಿಂದ ದೂರ ನಿಂತು ಆಳವಾಗಿ ಕೆಮ್ಮಿ ಟ್ಯೂಬಿಗೆ ತೆಗೆಯಬೇಕು. ಉಗುಳು ಬೇಡ, ಎದೆಯೊಳಗಿನದೇ ಬೇಕು. ಈ ಕಫ ತಣ್ಣಗೆ ಹೋಗಬೇಕು, ಅದಕ್ಕೆ ಕಾರಣವಿದೆ. ಕ್ಷಯದ ಬ್ಯಾಸಿಲಸ್ ಪರಮ ಸೋಮಾರಿ. ಒಂದು ಎರಡಾಗಲು ಅದಕ್ಕೆ ಹದಿನೆಂಟು–ಇಪ್ಪತ್ತು ಗಂಟೆ ಬೇಕು, ಕಲ್ಚರ್ ಫಲಿತಾಂಶಕ್ಕೆ ಆರು ವಾರದವರೆಗೂ ಕಾಯಬೇಕಾಗುತ್ತದೆ. ಬಾಯಿಯ ಇತರ ಬ್ಯಾಕ್ಟೀರಿಯಾಗಳಿಗೆ ಇಪ್ಪತ್ತು ನಿಮಿಷ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಟ್ಯೂಬು ಬೆಚ್ಚಗಾದರೆ ಪುಂಡರು ತುಂಬಿಕೊಂಡು ಸೋಮಾರಿಗೆ ಜಾಗವೇ ಸಿಗುವುದಿಲ್ಲ. ಕ್ಯಾಂಪಿನ ಎಷ್ಟೋ ಮಂದಿ ಈ ತಿಂಗಳುಗಳಲ್ಲಿ ಸ್ವೆಟರ್ ವ್ಯಾಪಾರಕ್ಕೆಂದು ದೂರದ ಪಟ್ಟಣಗಳಲ್ಲಿರುತ್ತಾರೆ. ಚಿಕಿತ್ಸೆಯ ನಡುವಿನ ಕಫ ಪರೀಕ್ಷೆಯ ದಿನ ಅದೇ ಸೀಸನ್ನಿನಲ್ಲಿ ಬಿದ್ದರೆ ಆರೋಗ್ಯ ಕಾರ್ಯಕರ್ತೆಯ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ.

ಹುಣಸೂರು. ಕಟ್ಟೆಮಳಲವಾಡಿಯ ತಂಬಾಕು ಹರಾಜಿಗೆ ಹೊರಟ ಬೇಲುಗಳ ಟ್ರ್ಯಾಕ್ಟರು ರಸ್ತೆ ತುಂಬಾ. ಆಸ್ಪತ್ರೆಯ ಕಿಟಕಿಯವರೆಗೆ ಹದಮಾಡಿದ ಎಲೆಯ ವಾಸನೆ. ಒಳಗೆ, ಎಚ್‌ಐವಿ ಸೋಂಕಿತ ತಾಯಿಯೊಬ್ಬಳ ಆರು ವಾರದ ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಐದು ಚುಕ್ಕೆಗಳು ಒಂದು ದಪ್ಪ ಕಾಗದದ ಮೇಲೆ ಒಣಗುತ್ತಿವೆ. ಐಸಿನ ಗೊಡವೆಯೇ ಇಲ್ಲದ ಸ್ಯಾಂಪಲ್ ಇದು. ಇದಕ್ಕೆ ವೈರಿ ತೇವ. ಕನಿಷ್ಠ ನಾಲ್ಕು ಗಂಟೆ ಅಡ್ಡಡ್ಡ ಮಲಗಿಸಿ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೂ ಹೀಟರಿಗೂ ಒಡ್ಡುವಂತಿಲ್ಲ. ಮಂಜು ಮುಸುಕಿದ ಬೆಳಿಗ್ಗೆ ನಾಲ್ಕು ಗಂಟೆಯಾದರೂ ಚುಕ್ಕೆಯ ನಡು ಇನ್ನೂ ಹೊಳೆಯುತ್ತಿರುತ್ತದೆ, ಅಂದರೆ ಒದ್ದೆ. ಹೊಳಪು ಹೋಗಿ ಕಂದುಗಟ್ಟಿದ ಮೇಲೆಯೇ ತೆಳು ಕಾಗದ ಹೊದಿಸಿ, ತೇವ ಹೀರುವ ಪುಡಿಯ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಬೇಕು. ಗಡಿಬಿಡಿ ಮಾಡಿದರೆ ಬೂಷ್ಟು. ಆ ಕೂಸಿಗೆ ಸೋಂಕಿದೆಯೋ ಇಲ್ಲವೋ ಗೊತ್ತಾಗುವುದು ಇನ್ನೊಂದು ತಿಂಗಳು ಮುಂದಕ್ಕೆ.

ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಬಣ್ಣ, ಬೆಂಕಿ ಕಾಯಿಸುತ್ತಾ ಕೂತ ರೈತರು. ಪಶುವೈದ್ಯರು ಪಕ್ಕದ ಊರಿನ ಕೊಟ್ಟಿಗೆಯೊಂದರಲ್ಲಿ, ಗಬ್ಬ ಕಳಚಿಕೊಂಡ ಹಸುವಿನ ಕುತ್ತಿಗೆಯಿಂದ ರಕ್ತ ಎಳೆದು ಟ್ಯೂಬನ್ನು ಐಸಿಗೆ ಹಾಕದೆ ತಮ್ಮ ಜರ್ಕಿನ್ನಿನ ಒಳಜೇಬಿಗೆ ಇಳಿಸುತ್ತಾರೆ. ಗಾಬರಿಯಾಗಬೇಡಿ. ರಕ್ತ ಮೊದಲು ಕರಣೆಕಟ್ಟಿ ಸೀರಮ್ ಬಿಡಬೇಕು. ಚಳಿಯಲ್ಲಿ ಅದು ನಿಧಾನ. ಕಟ್ಟುವ ಮೊದಲೇ ಐಸಿಗೆ ಹಾಕಿದರೆ ಸೀರಮ್ಮೂ ಸಿಗದು, ಕಣವೂ ಒಡೆಯುತ್ತದೆ. ಸೀರಮ್ ಬೇರೆಯಾದ ಮೇಲೆ ಐಸು, ಆಮೇಲೆ ಹೆಬ್ಬಾಳದ ಪಶುವೈದ್ಯಕೀಯ ಲ್ಯಾಬು. ಗಬ್ಬ ಕಳಚಿಸುವ ಬ್ರುಸೆಲ್ಲಾ ಇದ್ದರೆ ಅದು ಹಸುವಿನಿಂದ ಕರೆಯುವವರಿಗೂ, ಕರು ಎಳೆದ ವೈದ್ಯರಿಗೂ ಬರುವ ಕಾಯಿಲೆ. ಒಳಜೇಬಿನ ಟ್ಯೂಬಿಗೂ ಎರಡು ಜಿಪ್ ಕವರ್ ಇರುವುದು ಅದಕ್ಕೇ.

ಈಗ ಜೀಪಿಗೆ ವಾಪಸು ಬನ್ನಿ. ಹಂಪಾಪುರ, ಜಯಪುರ ಕಳೆದಿದೆ. ಹನ್ನೊಂದು ಗಂಟೆಗೆ ಮಂಜಿನ ಸುಳಿವೇ ಇಲ್ಲ, ಡ್ರೈವರ್ ಮಫ್ಲರ್ ಬಿಚ್ಚಿ ಸ್ಟೇರಿಂಗಿಗೆ ಸುತ್ತಿದ್ದಾನೆ. ಮೈಸೂರಿನ ಜನವರಿಯ ಮಧ್ಯಾಹ್ನ 28–29 ಡಿಗ್ರಿಗೆ ಏರುತ್ತದೆ. ಬೆಳಿಗ್ಗೆ 15, ಮಧ್ಯಾಹ್ನ ಹೆಚ್ಚುಕಡಿಮೆ ಅದರ ಇಮ್ಮಡಿ. ಒಂದೇ ಡಬ್ಬಿ ಎರಡನ್ನೂ ತಾಳಬೇಕು. ಟೀಗೆಂದು ನಿಂತಾಗ ಜೀಪನ್ನು ಬಿಸಿಲಿನಲ್ಲಿ ಬಿಟ್ಟು ಗಾಜು ಏರಿಸಿದರೆ ಒಳಗೆ ಒಲೆ. ಡಬ್ಬಿಯನ್ನು ಟೀ ಅಂಗಡಿಯ ಬೆಂಚಿನ ಕೆಳಗೆ ನೆರಳಿಗೆ ತಂದಿಟ್ಟುಕೊಂಡು ಅವನು ನಿಮ್ಮ ಕಡೆ ನೋಡುತ್ತಾನೆ.

“ಜನ ಕೇಳ್ತಾರೆ ಸಾ, ಏನದು ಡಬ್ಬಿ, ಮೀನಾ ಅಂತ. ಹೂ ಅಂತೀನಿ.”

ಮೈಸೂರಿನ ಲ್ಯಾಬಿನ ಸ್ವೀಕಾರದ ಕಿಟಕಿ, ಹನ್ನೆರಡೂಕಾಲು. ಎದುರಿನ ಹುಡುಗಿ ಮೊದಲು ನೋಡುವುದು ನಿಮ್ಮನ್ನಲ್ಲ, ಥರ್ಮಾಮೀಟರನ್ನು. 4 ಡಿಗ್ರಿ. ಪ್ಯಾಕಿನಲ್ಲಿ ಇನ್ನೂ ಗಡ್ಡೆ ಉಳಿದಿದೆ. ಹನ್ನೆರಡು ನೇರಳೆ ಟ್ಯೂಬು ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ, ಸರಿ ಎಂದು ಗುರುತು ಹಾಕುತ್ತಾಳೆ. ಬೆನ್ನುಹುರಿಯ ನೀರು ಕಾಯಿಸದೆ ನೇರ ಒಳಕ್ಕೆ ಹೋಗುತ್ತದೆ.

ನಿಮ್ಮ ಪಕ್ಕದ ಕಿಟಕಿಯಲ್ಲಿ ಇನ್ನೊಂದು ಕಡೆಯಿಂದ ಬಂದ ಡಬ್ಬಿ ತೆರೆದಿದೆ. ಯಾವ ಊರಿನದು ಎಂಬುದು ಬೇಡ. ಪ್ಯಾಕಿಗೆ ಒತ್ತಿಕೊಂಡಿದ್ದ ಎರಡು ಟ್ಯೂಬಿನ ಸೀರಮ್ಮು ಹೊಂಬಣ್ಣದ ಬದಲು ದಾಳಿಂಬೆ ಕೆಂಪು. ಅದನ್ನಾದರೂ ಕಣ್ಣು ಹಿಡಿಯಿತು. ಮೂರನೆಯದು ನೋಡಲು ಚೆನ್ನಾಗಿಯೇ ಇದೆ, ಮೋಸ ಇರುವುದು ಅಲ್ಲಿ. ಸೀರಮ್ ಬೇರೆ ಮಾಡದೆ ರಾತ್ರಿಯಿಡೀ ತಣ್ಣಗಿಟ್ಟ ರಕ್ತ ಅದು. ಚಳಿಗೆ ಕೆಂಪುಕಣದ ಪಂಪು ಕೆಲಸ ನಿಲ್ಲಿಸಿ, ಕಣ ಒಡೆಯದೆಯೇ ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಜಿನುಗುತ್ತದೆ. ಸಹಜವಾಗಿ ಐದರೊಳಗೆ ಇರಬೇಕಾದ ಅಂಕಿ ಏಳೋ ಎಂಟೋ ಎಂದು ಬಂದರೆ ರೋಗಿಯನ್ನು ತುರ್ತಾಗಿ ದಾಖಲು ಮಾಡಿಬಿಡುತ್ತಾರೆ, ಅವನೋ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿರುತ್ತಾನೆ. ಚಳಿಗಾಲ ಬಂದಾಗ ಹಳ್ಳಿ ದವಾಖಾನೆಗಳಿಂದ ಬರುವ ಪೊಟ್ಯಾಸಿಯಂ ಏರುವುದನ್ನು, ಬೇಸಿಗೆಯಲ್ಲಿ ಇಳಿಯುವುದನ್ನು ಇಂಗ್ಲೆಂಡಿನ ಲ್ಯಾಬುಗಳು ಗುರುತಿಸಿ ಬರೆದಿವೆ. ನಮ್ಮಲ್ಲಿ ಅಂಥ ಅಂಕಿಯನ್ನು ನಂಬುವ ಮೊದಲು ಎಷ್ಟು ಹೊತ್ತಿಗೆ ತೆಗೆದದ್ದು, ಎಲ್ಲಿಟ್ಟದ್ದು ಎಂದು ಫೋನ್ ಮಾಡಿ ಕೇಳುವವರಿದ್ದರೆ ರೋಗಿಯ ಪುಣ್ಯ. ಇಲ್ಲಿ ಇದ್ದಾರೆ.

“ಅಕ್ಕ, ಮೂರೂ ರಿಜೆಕ್ಟ್ ಮಾಡ್ತಿದ್ದೀನಿ. ಮತ್ತೆ ತೆಗೆಸ್ಬೇಕು.”

ಫೋನಿನ ಆಚೆಯ ದನಿ ನಿಮಗೂ ಕೇಳಿಸುತ್ತದೆ: “ಅಯ್ಯೋ, ಅದ್ರಲ್ಲೊಬ್ರು ನಾಲ್ಕು ಮೈಲಿ ನಡ್ಕೊಂಡು ಬಂದಿದ್ರು ಕಣಮ್ಮ. ಕೂಲಿ ಬಿಟ್ಟು ಇನ್ನೊಂದ್ಸಲ ಬಾ ಅಂದ್ರೆ ಬರ್ತಾರಾ?”

“ನೀವೇ ಹೋಗಿ ತಗೊಂಬನ್ನಿ ಅಕ್ಕ. ತಗೊಂಡ ಒಂದು ಗಂಟೇಲಿ ಸೆಂಟ್ರಿಫ್ಯೂಜ್‌ಗೆ ಹಾಕಿ. ಪ್ಯಾಕಿಗೂ ಟ್ಯೂಬಿಗೂ ಮಧ್ಯೆ ದಪ್ಪಗೆ ಹತ್ತಿ ಇಡಿ.”

ಮಲದ ಡಬ್ಬಿ ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿಗೆ ಹೋಗುವವನು ಕಾಯುತ್ತಿದ್ದಾನೆ. ಹೊಸ ಪ್ಯಾಕು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾರೆ. ಈ ಮಧ್ಯಾಹ್ನದ ಶಾಖಕ್ಕೆ ಇಪ್ಪತ್ತೈದೇ ನಿಮಿಷದಲ್ಲಿ ಸದ್ದು ಬರುತ್ತದೆ. ರಿಜಿಸ್ಟರಿನಲ್ಲಿ ಹೊತ್ತು ಬರೆದು, ತಾಪಮಾನ ಬರೆದು, ಸಹಿ. ಎಪ್ಪತ್ತೆರಡು ಗಂಟೆಯಲ್ಲಿ ಐದು ಮುಗಿದಿವೆ. ರಸ್ತೆ ಸರಿಯಿದ್ದರೆ ಸಂಜೆ ಐದರೊಳಗೆ ಲ್ಯಾಬಿನ ಬಾಗಿಲು. ಆಮೇಲೆ ವೈರಸ್ಸು ಬೆಳೆಯುತ್ತದೋ ಇಲ್ಲವೋ ನೋಡಲು ಎರಡು ವಾರ. ಅಲ್ಲಿಯವರೆಗೆ ಆಶಾ ಅಕ್ಕ ಹಾಡಿಗೆ ಹೋಗಿ ಹುಡುಗನ ಕಾಲನ್ನು ನೋಡಿ ಬರುತ್ತಿರುತ್ತಾಳೆ.